ಇಳಿತದ ಹೊತ್ತಿಗೆ ದೋಣಿ ಯಾಕೆ ಬರುವುದಿಲ್ಲ?

ಕೆಸರೆಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಜನ ಈಗ ಕೆಸರಿನ ಚಿತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕುತ್ತಿದ್ದಾರೆ. ಒಳ್ಳೆಯದೇ. ನಾನು ಈ ಹವ್ಯಾಸದ ವಿರೋಧಿಯಲ್ಲ. ಸಣ್ಣ ದೋಣಿಯಲ್ಲಿ ಕುಳಿತು, ಕಾಂಡ್ಲಾ ಕಾಡಿನ ನಡುವಿನ ಕಾಲುವೆಗಳಲ್ಲಿ ಸದ್ದಿಲ್ಲದೆ ಸಾಗುತ್ತ ಫೋಟೊ ತೆಗೆಯುವುದರಲ್ಲಿ ಎಂಥ ಸುಖವಿದೆಯೆಂದು ನನಗೂ ಗೊತ್ತು. ನನ್ನ ತಕರಾರು ಬೇರೆ. ನಮ್ಮ ಅಘನಾಶಿನಿ ಅಳಿವೆಯದೆಂದು ನಾನು ನೋಡಿದ ಚಿತ್ರಗಳಲ್ಲಿ ಹೆಚ್ಚುಕಡಿಮೆ ಯಾವುದರಲ್ಲೂ ಮನುಷ್ಯರಿಲ್ಲ. ಹೆಂಗಸರಂತೂ ಇಲ್ಲವೇ ಇಲ್ಲ. ಅವರು ಅಲ್ಲಿರಲಿಲ್ಲವೆಂದು ತಿಳಿಯಬೇಡಿ. ಇದ್ದರು. ಇದ್ದವರನ್ನು ಬಿಟ್ಟು, ಇಲ್ಲವೇ ಅವರು ಇಲ್ಲದ ಹೊತ್ತನ್ನು ಹುಡುಕಿಕೊಂಡು ಹೋಗಿ ತೆಗೆದ ಚಿತ್ರಗಳಿವು.

ಎರಡು ವರ್ಷದ ಕೆಳಗೆ ನಮ್ಮ ಕಡೆಯ ಪೇಟೆಯೊಂದರಲ್ಲಿ ಛಾಯಾಚಿತ್ರ ಪ್ರದರ್ಶನ ನಡೆಯಿತು. ಕನ್ನಡ ಹೇಳುವ ಅಕ್ಕೋರು, ನಾಲ್ಕು ಮಾತು ಚೆನ್ನಾಗಿ ಆಡುತ್ತಾರೆಂದು ನನ್ನನ್ನು ಬಹುಮಾನ ಹಂಚಲು ಕರೆದಿದ್ದರು. ನದಿ, ಕಾಂಡ್ಲಾ, ಹಿನ್ನೀರು ಇವಿಷ್ಟೇ ವಿಷಯದ ಮೇಲೆ ಗೋಡೆಯ ತುಂಬ ಚಿತ್ರಗಳು. ಬೆಳ್ಳಕ್ಕಿ ಇತ್ತು, ಮಿಂಚುಳ್ಳಿ ಇತ್ತು, ಗರುಡ ಮೀನು ಕಚ್ಚಿಕೊಂಡು ಹಾರುವುದಿತ್ತು. ನೀರಿನಲ್ಲಿ ತಲೆಕೆಳಗಾಗಿ ಬಿದ್ದ ಕಾಡಿನ ಬಿಂಬವಂತೂ ಹತ್ತಾರು ಕಡೆ. ಒಂದು ಚಿತ್ರದ ಕೆಳಗೆ ‘ಮನುಷ್ಯ ಮುಟ್ಟದ ನಿಸರ್ಗ’ ಎಂದು ಬರೆದಿತ್ತು. ಆ ಜಾಗ ನನಗೆ ಗೊತ್ತು. ನನ್ನ ಶಾಲೆಯ ಕನಿಷ್ಠ ಆರು ಮಕ್ಕಳ ತಾಯಂದಿರು ಆ ನಿಸರ್ಗವನ್ನು ದಿನಾ ಕೈಯಿಂದಲೂ ಕಾಲಿನಿಂದಲೂ ಮುಟ್ಟುತ್ತಾರೆ, ಮುಟ್ಟಿ ಬಳಚು ಹೆಕ್ಕುತ್ತಾರೆ, ಅದರಲ್ಲಿ ಆ ಮಕ್ಕಳ ಪಾಟಿಚೀಲ ಬರುತ್ತದೆ. ಬಹುಮಾನ ಹಂಚಿದೆ, ನಾಲ್ಕು ಮಾತೂ ಆಡಿದೆ. ಆಡಬೇಕಾಗಿದ್ದ ಐದನೆಯ ಮಾತಿಗೆ ಅಲ್ಲಿ ವೇಳೆಯಿರಲಿಲ್ಲ. ಅದನ್ನು ಇಲ್ಲಿ ಆಡುತ್ತಿದ್ದೇನೆ.

ಮೊದಲು ಜಾಗವನ್ನು ಹೇಳಿಬಿಡಬೇಕು, ಬಯಲುಸೀಮೆಯ ಓದುಗರಿಗೆ ಅಳಿವೆಯೆಂದರೆ ಏನೆಂದು ಕಣ್ಣಿಗೆ ಕಟ್ಟಲಿಕ್ಕಿಲ್ಲ. ಅಘನಾಶಿನಿ ಶಿರಸಿಯ ಬಳಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಘಟ್ಟ ಇಳಿದು, ಮಿರ್ಜಾನ ದಾಟಿ, ತದಡಿಗೂ ಅಘನಾಶಿನಿಯೆಂಬ ಹಳ್ಳಿಗೂ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ಹೊಳೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಹಾಗಾಗಿ ಮಳೆಗಾಲದ ಮಣ್ಣೆಲ್ಲ ಕೆಳಗೆ ಬಂದು ಬೀಳುತ್ತದೆ, ಸಮುದ್ರದ ಉಪ್ಪುನೀರು ದಿನಕ್ಕೆ ಎರಡು ಸಲ ಮೇಲಕ್ಕೆ ಬರುತ್ತದೆ. ಮಣ್ಣು, ಸಿಹಿನೀರು, ಉಪ್ಪುನೀರು ಮೂರೂ ಸೇರಿದ ಕೊಸರೇ ನಮ್ಮ ಭಾಗ್ಯ. ಅದರಲ್ಲಿ ಕಾಂಡ್ಲಾ ನಿಲ್ಲುತ್ತದೆ. ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು ಉದ್ದನೆಯ ಕೋಲಿನಂತೆ ಜೋತುಬಿದ್ದು, ಆಮೇಲೆ ಕೆಳಗೆ ಬಿದ್ದು ಕೆಸರಿನಲ್ಲಿ ನಾಟಿಕೊಳ್ಳುವುದನ್ನು ನೋಡಿದರೆ, ಹೆತ್ತು ಸಾಕಿ ಕಳಿಸುವ ತಾಯಿಯ ನೆನಪಾಗದೆ ಇರದು. ಉಪ್ಪಟಿ ಜಾತಿಯ ಮರವಾದರೆ ಉಸಿರಾಡಲೆಂದು ಬೇರುಗಳನ್ನೇ ಪೆನ್ಸಿಲಿನಂತೆ ಕೆಸರಿನಿಂದ ಮೇಲಕ್ಕೆ ಚುಚ್ಚಿ ನಿಲ್ಲಿಸಿಕೊಳ್ಳುತ್ತದೆ. ಇದೆಲ್ಲ ಚಿತ್ರಕ್ಕೆ ಯೋಗ್ಯವೇ, ಯಾರು ಇಲ್ಲವೆಂದರು?

ಈಗ ದೋಣಿಯ ವಿಷಯಕ್ಕೆ ಬರುತ್ತೇನೆ. ಎಲ್ಲ ಗುಟ್ಟೂ ಇರುವುದು ಅದರಲ್ಲಿ.

ಕಾಂಡ್ಲಾ ಕಾಡಿನ ಒಳಗೆ ಹೋಗಲು ಸಣ್ಣ ದೋಣಿಯೇ ಬೇಕು. ಯಂತ್ರದ ದೋಣಿ ಹೋದರೆ ಅದರ ಅಲೆಗೆ ದಂಡೆಯ ಮಣ್ಣು ಕುಸಿಯುತ್ತದೆ, ಹಕ್ಕಿ ಹಾರಿಹೋಗುತ್ತದೆ. ಹುಟ್ಟು ಹಾಕುವ, ಇಲ್ಲವೇ ಗಳ ಊರಿ ತಳ್ಳುವ ಪುಟ್ಟ ದೋಣಿಯಾದರೆ ಕುಳಿತವರ ಕಣ್ಣು ನೀರಿಗೆ ಒಂದೆರಡು ಅಡಿ ಮೇಲಿರುತ್ತದೆ. ಅಷ್ಟು ತಗ್ಗಿನಿಂದ ನೋಡಿದಾಗ ಬೇರು ಕಂಬಸಾಲಿನಂತೆ ಕಾಣುತ್ತದೆ, ನೀರು ಕನ್ನಡಿಯಾಗುತ್ತದೆ. ಮೂರುಕಾಲಿನ ಸ್ಟ್ಯಾಂಡ್ ಇಲ್ಲಿ ಉಪಯೋಗಕ್ಕಿಲ್ಲ, ದೋಣಿಯೇ ಅಲ್ಲಾಡುವಾಗ ಸ್ಟ್ಯಾಂಡ್ ನಿಂತು ಮಾಡುವುದೇನು? ಉಸಿರು ಬಿಗಿಹಿಡಿದು, ಮೊಣಕೈ ಪಕ್ಕೆಗೆ ಒತ್ತಿಕೊಂಡು, ಬೇಗ ತೆರೆದು ಮುಚ್ಚುವಂತೆ ಕ್ಯಾಮೆರಾ ಹೊಂದಿಸಿ ತೆಗೆಯಬೇಕು. ನೀರಿನ ಹೊಳಪು ಕಡಿಮೆ ಮಾಡಲು ಲೆನ್ಸಿಗೊಂದು ವಿಶೇಷ ಗಾಜು ಹಾಕುತ್ತಾರೆ. ಉಪ್ಪುನೀರಿನ ಹನಿ ಒಂದು ಬಿದ್ದರೂ ಸಾವಿರಾರು ರೂಪಾಯಿಯ ಲೆನ್ಸ್ ಹಾಳು, ಆದ್ದರಿಂದ ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಬರುವವರು ಮರೆಯದೆ ಕೇಳುವ ಇನ್ನೊಂದು ಪ್ರಶ್ನೆ: ‘ಭರತ ಎಷ್ಟು ಹೊತ್ತಿಗೆ?’

ಭರತವೆಂದರೆ ಉಬ್ಬರ. ದೋಣಿಗೆ ನೀರು ಬೇಕಲ್ಲ! ಇಳಿತದ ಹೊತ್ತಿನಲ್ಲಿ ಒಳಗಾಲುವೆಗಳು ಬತ್ತಿ ಬರೀ ಕೆಸರು ಉಳಿಯುತ್ತದೆ, ದೋಣಿ ಕಚ್ಚಿಕೊಂಡು ನಿಲ್ಲುತ್ತದೆ. ಆದ್ದರಿಂದ ದೋಣಿಯಿಂದ ತೆಗೆದ ಚಿತ್ರಗಳೆಲ್ಲ ಬಹುತೇಕ ಭರತದ ಚಿತ್ರಗಳೇ. ನೀರು ಕೆಸರನ್ನೆಲ್ಲ ಮುಚ್ಚಿರುತ್ತದೆ, ಬೇರಿನ ಬುಡ ಮುಳುಗಿರುತ್ತದೆ, ಆಕಾಶ ನೀರಿಗಿಳಿದಿರುತ್ತದೆ. ನೋಡಲು ಚಂದವೋ ಚಂದ.

ಬಳಚು ಹೆಕ್ಕುವುದು ಇಳಿತದಲ್ಲಿ.

ಇದನ್ನು ಒಂದೇ ಸಾಲಿನಲ್ಲಿ ಬರೆದೆ, ಇಡೀ ತಕರಾರು ಅದರಲ್ಲಿಯೇ ಇದೆ. ನೀರು ಇಳಿದಾಗ ಹೊಳೆಯ ನಡುವೆ ದಿಬ್ಬಗಳು ತೋರುತ್ತವೆ. ಸುತ್ತಲಿನ ಹಳ್ಳಿಗಳ ಹೆಂಗಸರು ಸೀರೆ ಎತ್ತಿ ಕಟ್ಟಿ, ಸೊಂಟಕ್ಕೆ ಹಗ್ಗದಿಂದ ಕಟ್ಟಿದ ಪಾತ್ರೆಯನ್ನು ನೀರಿನ ಮೇಲೆ ತೇಲಿಬಿಟ್ಟುಕೊಂಡು ಇಳಿಯುತ್ತಾರೆ. ಕಾಲ್ಬೆರಳಿನಿಂದ ತಡವಿ ಚಿಪ್ಪು ಎಲ್ಲಿದೆಯೆಂದು ತಿಳಿದು, ಬಗ್ಗಿ, ಕೈಯಿಂದ ಹೆಕ್ಕಿ ಪಾತ್ರೆಗೆ ಹಾಕುತ್ತಾರೆ. ಗಂಡಸರು ದೋಣಿಯಲ್ಲಿ ಹೋಗಿ ಆಳದಲ್ಲಿ ಮುಳುಗಿ ತೆಗೆಯುವುದೂ ಉಂಟು. ಸ್ವಲ್ಪ ಮನೆಗೆ, ಸ್ವಲ್ಪ ಪೇಟೆಗೆ, ಉಳಿದದ್ದು ವ್ಯಾಪಾರಿಯ ಕೈಯಿಂದ ಗೋವಾಕ್ಕೆ ಹೋಗುತ್ತದೆ. ಇಳಿತದ ವೇಳೆ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಗೆ ನೀರು ತುಂಬ ಇಳಿಯುತ್ತದೆ, ಅಷ್ಟಮಿಗೆ ಕಡಿಮೆ. ಈ ಲೆಕ್ಕ ಯಾವ ಪಂಚಾಂಗವನ್ನೂ ನೋಡದೆ ಆ ಹೆಂಗಸರಿಗೆ ಬರುತ್ತದೆ. ಅಮಾವಾಸ್ಯೆ ಕಳೆದ ಮರುದಿನಗಳಲ್ಲಿ ಬೆಳಗಿನ ಇಳಿತಕ್ಕೆ ತಾಯಿಯೊಂದಿಗೆ ಹೋಗಿ, ಒದ್ದೆ ಲಂಗ ಬದಲಾಯಿಸಿ, ಎರಡನೆಯ ಪಿರಿಯಡ್ಡಿಗೆ ಓಡೋಡಿ ಬರುತ್ತಿದ್ದ ಹುಡುಗಿಯರನ್ನು ನಾನು ಹಾಜರಿ ಪುಸ್ತಕದಲ್ಲಿ ನೋಡುತ್ತಲೇ ಬಂದವಳು. ಚಂದ್ರನಿಗೂ ಹಾಜರಿಗೂ ಇರುವ ಸಂಬಂಧವನ್ನು ಬಿಎಡ್‌ನಲ್ಲಿ ಯಾರೂ ಕಲಿಸಿರಲಿಲ್ಲ.

ಅಂದಮೇಲೆ ಈ ಅಳಿವೆಗೆ ದಿನಕ್ಕೆ ಎರಡು ಮುಖ. ಭರತದಲ್ಲಿ ಒಂದು, ಇಳಿತದಲ್ಲಿ ಒಂದು. ಕ್ಯಾಮೆರಾ ಹಿಡಿದು ದೋಣಿ ಹತ್ತಿದವರು ಒಂದು ಮುಖವನ್ನು ನೋಡಿ ‘ಇಷ್ಟೇ’ ಎನ್ನುತ್ತಾರೆ. ಬೆಳಿಗ್ಗೆ ಬಂದ ಅತಿಥಿ ಮನೆಯವರು ಅಂಗಳ ಗುಡಿಸಿ ರಂಗೋಲಿ ಹಾಕಿದ್ದನ್ನು ನೋಡಿ, ಈ ಮನೆಯಲ್ಲಿ ಕಸವೇ ಬೀಳುವುದಿಲ್ಲ, ಗುಡಿಸುವವರೂ ಇಲ್ಲ ಎಂದು ಬರೆದುಕೊಂಡು ಹೋದ ಹಾಗೆ.

ಹಾಗೆಂದು ಭರತದ ಹೊತ್ತಿನಲ್ಲಿ ಹೋದವರೆಲ್ಲ ಏನೂ ತಿಳಿಯದವರು ಎನ್ನಲಾರೆ. ತಿಳಿದೂ ಮಾಡುವವರಿದ್ದಾರೆ. ನಮ್ಮ ಸಂಬಂಧದ ಹುಡುಗನೊಬ್ಬ ಬೆಂಗಳೂರಿನಿಂದ ದೊಡ್ಡ ಕ್ಯಾಮೆರಾ ತಂದಿದ್ದ. ‘ಅತ್ತೆ, ನೀವೂ ಬನ್ನಿ’ ಎಂದ, ಹೋದೆ. ನೀರು ಆಗಷ್ಟೇ ಇಳಿಯತೊಡಗಿತ್ತು. ದಿಬ್ಬದ ಅಂಚಿನಲ್ಲಿ ನಾಲ್ಕೈದು ಹೆಂಗಸರು ಆಗಲೇ ಬಗ್ಗಿದ್ದರು. ಹಿಂದೆ ಕಾಂಡ್ಲಾ, ಅದರ ಹಿಂದೆ ಘಟ್ಟ, ಮೇಲೆ ಮಂಜು. ಹುಡುಗ ಎರಡು ಸಲ ಕ್ಯಾಮೆರಾ ಎತ್ತಿ ಇಳಿಸಿದ. ಆಮೇಲೆ ದೋಣಿಯವನಿಗೆ, ‘ಅವರಿಗೆ ಸ್ವಲ್ಪ ಆ ಕಡೆ ಹೋಗಲು ಹೇಳ್ತೀರಾ? ಐದೇ ನಿಮಿಷ, ಫ್ರೇಮಿನಲ್ಲಿ ಬರ್ತಿದ್ದಾರೆ’ ಎಂದ. ದೋಣಿಯವ ನನ್ನ ಮುಖ ನೋಡಿದ. ದಿಬ್ಬದ ಮೇಲಿನ ಹೆಂಗಸರಿಗೆ ಮಾತು ಕೇಳಿಸಿತ್ತು. ಅವರಲ್ಲೊಬ್ಬಳು ತಲೆ ಎತ್ತಿ ನನ್ನನ್ನೇ ಕೇಳಿದಳು: ‘ಅಕ್ಕೋರೆ, ನಾವು ಆಚೆ ಹೋದ್ರೆ ಇಳಿತ ಕಾಯ್ತದ್ಯಾ?’

ನಾನು ಹುಡುಗನಿಗೆ ಕ್ಯಾಮೆರಾ ಕೆಳಗಿಡು ಎಂದೆ. ಇಟ್ಟ. ಸಂಭಾವಿತ ಹುಡುಗನೇ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹಾಗೆ ನೋಡಲು ಕಲಿಸಿದವರ ಮೇಲೆ ಇದೆ. ದಾರಿಯಲ್ಲಿ ಅವನೇ ಹೇಳಿದ, ಮನುಷ್ಯರಿದ್ದರೆ ನಿಸರ್ಗ ವಿಭಾಗದ ಸ್ಪರ್ಧೆಗೆ ಚಿತ್ರ ಕಳಿಸುವಂತಿಲ್ಲ, ನಿಯಮವೇ ಹಾಗಿದೆ ಎಂದು. ನಾನು ನಂಬದೆ ನಿಯಮವನ್ನು ತರಿಸಿ ಓದಿದೆ. ಹೌದು. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು 2014ರಲ್ಲಿ ಒಟ್ಟಾಗಿ ಒಪ್ಪಿಕೊಂಡ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆಯೊಂದಿದೆ. ನಮ್ಮ ನಾಡಿನ ಸಂಘಗಳ ಸ್ಪರ್ಧೆಗಳಲ್ಲೂ ಅದೇ ಮಾದರಿ. ಚಿತ್ರದಲ್ಲಿ ಮನುಷ್ಯರ ಕುರುಹು ಇರಕೂಡದು ಎನ್ನುತ್ತದೆ ಅದು. ಅದಕ್ಕೊಂದು ವಿನಾಯಿತಿಯೂ ಇದೆ: ಮನುಷ್ಯರು ಬದಲಾಯಿಸಿದ ಜಾಗಕ್ಕೆ ಹೊಂದಿಕೊಂಡ ಪ್ರಾಣಿಪಕ್ಷಿಗಳ ಕಥೆಯಲ್ಲಿ ಆ ಕುರುಹು ಅವಿಭಾಜ್ಯವಾಗಿದ್ದರೆ ಇರಬಹುದು. ಕಣಜದ ಗೂಬೆ, ಕೊಕ್ಕರೆ ಇಂಥವುಗಳ ಉದಾಹರಣೆ ಕೊಟ್ಟಿದ್ದಾರೆ.

ಗಮನಿಸಿ. ಗೂಬೆಗೆ ಕಣಜ ಇರಬಹುದು, ಕೊಕ್ಕರೆಗೆ ಚಿಮಣಿ ಇರಬಹುದು. ಅಳಿವೆಗೆ ಅದರ ಹೆಂಗಸರು ಇರಬಾರದು. ಗೂಬೆ ಮನುಷ್ಯನಿಗೆ ಹೊಂದಿಕೊಂಡರೆ ಅದು ನಿಸರ್ಗ, ಮನುಷ್ಯಳು ನಿಸರ್ಗಕ್ಕೆ ಹೊಂದಿಕೊಂಡು ಬದುಕಿದರೆ ಅದು ‘ಫ್ರೇಮಿನಲ್ಲಿ ಬರ್ತಿದೆ’.

ಆ ನಿಯಮ ಮಾಡಿದವರ ಉದ್ದೇಶ ನನಗೆ ಅರ್ಥವಾಗುತ್ತದೆ. ಸಾಕಿದ ಪ್ರಾಣಿಯನ್ನು ಕಾಡುಪ್ರಾಣಿಯೆಂದು ತೋರಿಸುವ ಮೋಸ ತಡೆಯಬೇಕಾಗಿತ್ತು, ಸರಿಯೇ. ಆದರೆ ಎಲ್ಲಿಯೋ ಕುಳಿತು ಮಾಡಿದ ನಿಯಮ ಅಘನಾಶಿನಿಗೆ ಬಂದಾಗ ಅದೇ ಮೋಸಕ್ಕೆ ದಾರಿಯಾಗುತ್ತದೆ. ಯಾಕೆಂದರೆ ಇಲ್ಲಿ ‘ಮನುಷ್ಯ ಮುಟ್ಟದ’ ಜಾಗವನ್ನು ಹುಡುಕುವುದೇ ಕಷ್ಟ. ಹೊಳೆಯಂಚಿನ ಗಜನಿಗಳನ್ನೇ ನೋಡಿ. ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿವು. ಕಟ್ಟೆ ಹಾಕಿ, ಬಾಗಿಲು ಇಟ್ಟು, ನೀರು ಬಿಡುವುದನ್ನೂ ತಡೆಯುವುದನ್ನೂ ನಮ್ಮ ರೈತರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತದೆ. ಉಪ್ಪನ್ನೂ ನೆರೆಯನ್ನೂ ತಡೆದುಕೊಂಡು ಎದೆಯೆತ್ತರ ನಿಲ್ಲುವ ಭತ್ತ ಅದು, ಗೊಬ್ಬರ ಕೇಳುವುದಿಲ್ಲ. ಮಾಣಿಕಟ್ಟಾ ಕಡೆಗೆ ಅದನ್ನು ಇನ್ನೂ ಉಳಿಸಿಕೊಂಡ ರೈತರಿದ್ದಾರೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಕಟ್ಟೆಯ ಮಣ್ಣು ಕೊಚ್ಚಿಹೋಗದಿರಲೆಂದು ಅದರ ಹೊರಮೈಗೆ ಕಾಂಡ್ಲಾ ಬೆಳೆಯಬಿಟ್ಟವರೂ ಅವರೇ. ಈಚಿನ ದಶಕಗಳಲ್ಲಿ ಅರಣ್ಯ ಇಲಾಖೆ ಕಾಂಡ್ಲಾ ನೆಡಿಸಿದಾಗ ಕೋಲುಬೀಜ ಆರಿಸಿ ತಂದವರು, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒಂದೊಂದಾಗಿ ಊರಿದವರು ಊರಿನ ಕೂಲಿಯವರು, ಅದರಲ್ಲಿ ಹೆಂಗಸರು ಎಷ್ಟೋ ಜನ. ಅವರು ನೆಟ್ಟ ಸಾಲು ಇಂದು ತಲೆಯೆತ್ತರ ಬೆಳೆದಿದೆ, ಅದರ ಬಿಂಬವೇ ಪ್ರದರ್ಶನದ ಗೋಡೆಯಲ್ಲಿ ತೂಗಾಡಿದ್ದು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ವಿಸ್ತರಿಸಿ ಬರೆಸಿದ್ದೇನೋ ಲೆಕ್ಕವಿಲ್ಲ. ಇಲ್ಲಿ ಕೈ ಒಬ್ಬರದು ಕೆಸರಾಯಿತು, ಮೊಸರು ಇನ್ನೊಬ್ಬರ ಬಾಯಿಗೆ, ಮೇಲಾಗಿ ಮೂರು ಸಾವಿರ ರೂಪಾಯಿ ಬಹುಮಾನ.

‘ಅಕ್ಕೋರೆ, ಒಂದು ಫೋಟೊಕ್ಕೆ ಇಷ್ಟೊಂದು ಯಾಕೆ?’ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಕೇಳಿದವರಿದ್ದಾರೆ. ಫೋಟೊ ಕಾಯಿದೆಯನ್ನೇ ಮಾಡಿಸಬಲ್ಲದು ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಎಂಬಾತ ಅಮೆರಿಕದ ಯೊಸೆಮಿಟಿ ಕಣಿವೆಗೆ ಹೇಸರಗತ್ತೆಗಳ ಮೇಲೆ ದೊಡ್ಡ ದೊಡ್ಡ ಗಾಜಿನ ತಟ್ಟೆಗಳನ್ನು ಹೊರಿಸಿಕೊಂಡು ಹೋಗಿ ಬಂಡೆ, ಜಲಪಾತ, ಮರಗಳ ಚಿತ್ರ ತೆಗೆದ. ಆ ಚಿತ್ರಗಳನ್ನು ಅಲ್ಲಿಯ ಪೂರ್ವದ ನಗರಗಳ ಜನ ಬೆರಗಾಗಿ ನೋಡಿದರು. 1864ರಲ್ಲಿ ಅಧ್ಯಕ್ಷ ಲಿಂಕನ್ ಆ ಕಣಿವೆಯನ್ನು ಕಾಯ್ದಿಡುವ ಕಾಯಿದೆಗೆ ಸಹಿ ಹಾಕಿದರು. ಆ ಚಿತ್ರಗಳ ಪ್ರಭಾವ ಅದರ ಹಿಂದಿತ್ತೆಂದು ಚರಿತ್ರೆಕಾರರು ಹೇಳುತ್ತಾರೆ. ಆದರೆ ಕಣಿವೆ ಖಾಲಿ ಇರಲಿಲ್ಲ. ಅಲ್ಲಿಯ ಮೂಲನಿವಾಸಿಗಳನ್ನು ಹೊರಗಟ್ಟಲು 1851ರಲ್ಲಿಯೇ ಬಂದೂಕು ಹಿಡಿದವರು ನುಗ್ಗಿದ್ದರು. ಹಿಂದಿರುಗಿ ಬಂದು ಅಲ್ಲೇ ಕೂಲಿ ಮಾಡಿಕೊಂಡು ಉಳಿದವರೂ ಬರಬರುತ್ತ ಬೇಡವಾದರು. 1969ರ ಹೊತ್ತಿಗೆ ಕಣಿವೆಯೊಳಗಿದ್ದ ಅವರ ಕೊನೆಯ ವಸತಿಯನ್ನೂ ಇಲ್ಲವಾಗಿಸಲಾಯಿತು. ಚಂದದ ಚಿತ್ರ ಬಂಡೆಯನ್ನು ಕಾಪಾಡಿತು. ಬಂಡೆಯ ಬುಡದಲ್ಲಿ ಅಡುಗೆ ಮಾಡುತ್ತಿದ್ದವರನ್ನು ಕಾಪಾಡಲಿಲ್ಲ.

ನಮ್ಮಲ್ಲಿ ಏನಾಗುತ್ತಿದೆ ನೋಡಿ. ಕೇಂದ್ರ ಸರಕಾರ ಹೊರತಂದಿರುವ ಪಾಳುಭೂಮಿಗಳ ಅಟ್ಲಾಸಿನಲ್ಲಿ ನೀರು ನಿಲ್ಲುವ ಜೌಗು ನೆಲಕ್ಕೆ ಪ್ರತ್ಯೇಕವಾದ ಒಂದು ವರ್ಗವೇ ಇದೆ. ಜೌಗು ಎಂದರೆ ಪಾಳು, ಪಾಳು ಎಂದರೆ ಯಾರದೂ ಅಲ್ಲ, ಯಾರದೂ ಅಲ್ಲವೆಂದರೆ ಏನನ್ನು ಬೇಕಾದರೂ ತಂದು ಸುರಿಯಬಹುದು. ಈ ತರ್ಕದ ಬಿಸಿ ನಮಗೆ ತಟ್ಟಿದೆ. ಇದೇ ಶತಮಾನದ ಮೊದಲ ದಶಕದಲ್ಲಿ ತದಡಿಗೆ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆಂದು ಗೊತ್ತಾದಾಗ ಈ ಊರುಗಳ ಜನ ಬೀದಿಗಿಳಿದರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಳಿವೆಗೆ ಬಂದು ಬಳಚೆಷ್ಟು, ಮೀನೆಷ್ಟು, ಕಾಂಡ್ಲಾ ಎಷ್ಟು, ಅವುಗಳಿಂದ ಬದುಕುವವರೆಷ್ಟು ಎಂದು ಲೆಕ್ಕ ಹಾಕಿ ಬರೆದರು. ಸ್ಥಾವರ ಬರಲಿಲ್ಲ. ಆಗ ನಮ್ಮ ಪರವಾಗಿ ನಿಂತದ್ದು ನೀರಿನ ಮೇಲಿನ ಬಿಂಬವಲ್ಲ, ಬುಟ್ಟಿಯಲ್ಲಿನ ಬಳಚಿನ ಲೆಕ್ಕ. ಇಲ್ಲಿ ಜನ ಇದ್ದಾರೆ, ಇಲ್ಲಿ ದುಡಿಮೆ ಇದೆ ಎಂದು ತೋರಿಸಿದ್ದರಿಂದಲೇ ಈ ನೆಲ ಪಾಳಲ್ಲವೆಂದು ಹೇಳಲು ಸಾಧ್ಯವಾಯಿತು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರನ್ನು ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ 1971ರಲ್ಲಿ ಆದ ಒಪ್ಪಂದದ ಪ್ರಕಾರ, ಜಗತ್ತಿನ ಮಹತ್ವದ ಜೌಗುಭೂಮಿಗಳ ಪಟ್ಟಿ ಅದು. ನನಗೆ ಸಂತೋಷವಾಯಿತು, ಶಾಲೆಯಲ್ಲಿ ಸಿಹಿ ಹಂಚಿದೆವು. ಆ ಒಪ್ಪಂದದಲ್ಲಿ ಒಳ್ಳೆಯ ಮಾತೊಂದಿದೆ, ವಿವೇಕದ ಬಳಕೆ ಅಂತ. ಜೌಗುಭೂಮಿಗೆ ಬೇಲಿ ಹಾಕಿ ಜನರನ್ನು ಹೊರಗಿಡಿ ಎಂದು ಅದು ಹೇಳುವುದಿಲ್ಲ, ಅದರ ಗುಣ ಕೆಡದಂತೆ ಬಳಸಿ ಎನ್ನುತ್ತದೆ. ನನ್ನ ಭಯವಿರುವುದು ಒಪ್ಪಂದದ ಬಗ್ಗೆ ಅಲ್ಲ. ನಾಳೆ ಈ ಅಳಿವೆಯ ನಿರ್ವಹಣೆಯ ಯೋಜನೆ ಬರೆಯಲು ಕೂರುವ ಅಧಿಕಾರಿಯ ಮೇಜಿನ ಮೇಲೆ ಯಾವ ಚಿತ್ರ ಇರುತ್ತದೆ ಎಂಬುದರ ಬಗ್ಗೆ. ಎದುರಿಗೆ ಇರುವುದೆಲ್ಲ ಭರತದ ಚಿತ್ರವೇ ಆದರೆ, ಇಳಿತದಲ್ಲಿ ನೀರಿಗಿಳಿದ ಹೆಂಗಸು ಆತನಿಗೆ ನುಸುಳಿದವಳಾಗಿ ಕಂಡರೆ ಆಶ್ಚರ್ಯವೇನು? ಮೊದಲು ಪಾಳೆಂದು ಹೇಳಿ ಅವಳನ್ನು ಕಾಣದಾದರು, ಈಗ ಪವಿತ್ರವೆಂದು ಹೇಳಿ ಕಾಣದಾಗುತ್ತಾರೆ. ಹೆಸರು ಬದಲಾಯಿತು ಅಷ್ಟೇ, ಅವಳು ಎರಡರಲ್ಲೂ ಇಲ್ಲ.

ಇದಕ್ಕೊಂದು ಉತ್ತರ ಬರುತ್ತದೆಂದು ಗೊತ್ತು, ಮತ್ತು ಅದನ್ನು ಹೆಂಗಸರೇ ಹೇಳುತ್ತಾರೆ: ಸೀರೆ ಎತ್ತಿ ಕಟ್ಟಿ, ನೆನೆದು, ಬಗ್ಗಿ ನಿಂತವರ ಫೋಟೊ ತೆಗೆಯಬೇಕೆನ್ನುತ್ತೀರಾ? ಅದು ಮರ್ಯಾದೆಯೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದೂರದಿಂದ ಉದ್ದನೆಯ ಲೆನ್ಸ್ ಹಾಕಿ ಕದ್ದು ತೆಗೆಯುವವರಿದ್ದಾರೆ. ಮುಖ ಕಾಣದ ಕಪ್ಪು ನೆರಳು, ಹಿಂದೆ ಕೆಂಪು ಸೂರ್ಯ, ಕೆಳಗೆ ‘ಶ್ರಮಜೀವಿ’ ಎಂಬ ತಲೆಬರಹ. ಹೆಂಗಸರನ್ನು ಹೊರಗಟ್ಟುವುದು ಒಂದು ಅನ್ಯಾಯವಾದರೆ ಇದು ಇನ್ನೊಂದು. ಇಲ್ಲಿ ಅವಳು ಇದ್ದಾಳೆ, ಆದರೆ ಗರುಡನಷ್ಟೇ, ಬೆಳ್ಳಕ್ಕಿಯಷ್ಟೇ. ಬೆಳ್ಳಕ್ಕಿಗಾದರೂ ಅದರ ಜಾತಿಯ ಹೆಸರು ಬರೆದಿರುತ್ತಾರೆ.

ನನ್ನ ಅಭಿಪ್ರಾಯ ಸರಳ. ಕೇಳಬೇಕು. ದೋಣಿ ನಿಲ್ಲಿಸಿ, ಹೆಸರು ಹೇಳಿ, ತೆಗೆಯಲೇ ಎಂದು ಕೇಳಬೇಕು. ಬೇಡವೆಂದರೆ ಬೇಡ, ಅಲ್ಲಿಗೆ ಮುಗಿಯಿತು. ಬೇಡವೆನ್ನುವವರೇ ಹೆಚ್ಚೆಂದು ತಿಳಿಯಬೇಡಿ. ಹುಡುಗ ಕ್ಯಾಮೆರಾ ಕೆಳಗಿಟ್ಟ ಆ ದಿನ, ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಅದೇ ಹೆಂಗಸು, ‘ತೆಗೀರಿ, ಆದ್ರೆ ನಿಂತ್ಕಂತೆ, ಬಗ್ಗಿದ್ದು ಬ್ಯಾಡ’ ಎಂದಳು. ಸೆರಗು ಸರಿಮಾಡಿಕೊಂಡು, ಪಾತ್ರೆ ತುಂಬಿದ ಬಳಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮಗಳ ಮದುವೆಯಲ್ಲಿ ಆರತಿ ತಟ್ಟೆ ಹಿಡಿದ ಹಾಗೆ ನಿಂತಳು. ಅವಳ ಚಿತ್ರ ಹೇಗಿರಬೇಕೆಂಬುದು ಅವಳಿಗೆ ಗೊತ್ತಿತ್ತು. ‘ಇದು ಪೋಸ್ ಕೊಟ್ಟದ್ದಾಯ್ತಲ್ಲ ಅತ್ತೆ’ ಎಂದು ಹುಡುಗ ಗೊಣಗಿದ. ಹೌದು, ಮದುಮಗಳೂ ಪೋಸ್ ಕೊಡುತ್ತಾಳೆ, ಮಂತ್ರಿಯೂ ಕೊಡುತ್ತಾನೆ. ಬಳಚು ಹೆಕ್ಕುವವಳು ಮಾತ್ರ ಸಹಜವಾಗಿರಬೇಕೆ?

ಇನ್ನೊಂದು ಆಕ್ಷೇಪ ಗಂಡಸರದು, ಸ್ವಲ್ಪ ಓದಿಕೊಂಡವರದು. ಜನರನ್ನು ಹೊಗಳಬೇಡಿ, ಅಳಿವೆಯನ್ನು ಹಾಳು ಮಾಡಿದವರೂ ಜನರೇ ಎನ್ನುತ್ತಾರೆ. ನಿಜ. ಮರಳು ತೆಗೆದವರು, ಚಿಪ್ಪಿನ ಗಣಿಗಾರಿಕೆ ನಡೆಸಿದವರು ಜನರೇ. ತೊಂಬತ್ತರ ದಶಕದಲ್ಲಿ ಗಜನಿಗಳನ್ನು ಸಿಗಡಿ ಕೆರೆ ಮಾಡಿ ಕಗ್ಗವನ್ನು ಮೂಲೆಗೊತ್ತಿದವರೂ ಜನರೇ. ಕರಾವಳಿಯ ಸಿಗಡಿ ಕೃಷಿಯ ಹಾವಳಿ ದೇಶದ ಉದ್ದಕ್ಕೂ ಎಷ್ಟಿತ್ತೆಂದರೆ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಕಡಿವಾಣ ಹಾಕಬೇಕಾಯಿತು. ಇಂದಿಗೂ ಬೆಳೆಯದ ಮರಿ ಬಳಚನ್ನೂ ಬಾಚುವ ದುರಾಸೆ ಇದೆ, ಅದರಲ್ಲಿ ಹೆಂಗಸರೂ ಇದ್ದಾರೆ, ನಾನು ಮುಚ್ಚಿಡುವುದಿಲ್ಲ. ಆದರೆ ಸ್ವಾಮಿ, ನಿಮ್ಮ ಚಿತ್ರದಲ್ಲಿ ಅದಾದರೂ ಎಲ್ಲಿದೆ? ಮರಳು ದೋಣಿಯನ್ನೂ ನೀವು ಬಿಟ್ಟಿರಿ. ಬೇರಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲವನ್ನು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಅಳಿಸಿದಿರಿ. ಹೆಕ್ಕುವವಳನ್ನೂ ಅಳಿಸಿದಿರಿ, ಲೂಟಿ ಹೊಡೆಯುವವನನ್ನೂ ಅಳಿಸಿದಿರಿ. ಲೂಟಿ ಹೊಡೆಯುವವನಿಗೆ ಅದರಿಂದ ಉಪಕಾರವೇ ಆಯಿತು.

ಹೀಗೆ ಬರೆಯುವಾಗ ಮದುವೆಗೆ ಮೊದಲೇ ಫೋಟೊ ತೆಗೆಸಿಕೊಳ್ಳುವ ಜೋಡಿಗಳ ನೆನಪಾಗಿ ನಗು ಬರುತ್ತದೆ. ಹೊನ್ನಾವರದ ಕಡೆ ಶರಾವತಿಯ ಕಾಂಡ್ಲಾ ನಡುವೆ ಮರದ ಕಾಲುದಾರಿ ಮಾಡಿದ ಮೇಲಂತೂ ಈ ಗಡಿಬಿಡಿ ಹೆಚ್ಚು. ಹೊಳೆಯಲ್ಲಿ ಸಣ್ಣ ದೋಣಿ, ಅದರ ತುಂಬ ಹೂವು, ನೆಲಕ್ಕೆ ಹಾಸುವಷ್ಟು ಉದ್ದದ ಗೌನು, ಹುಟ್ಟು ಹಾಕುವಂತೆ ನಟಿಸುವ ವರ. ನಿಜವಾಗಿ ದೋಣಿ ನಡೆಸುವವ ಕತ್ತು ನೀರಿನಲ್ಲಿ ಮುಳುಗಿಸಿಕೊಂಡು ಹಿಂದಿನಿಂದ ತಳ್ಳುತ್ತಿರುತ್ತಾನೆ. ಚಿತ್ರದಲ್ಲಿ ಅವನೂ ಇಲ್ಲ. ನಮ್ಮ ನಮ್ಮ ಮನೆಯ ಮಕ್ಕಳೇ ಇವರು, ಖರ್ಚು ಕೊಡುವವರೂ ನಾವೇ.

ನಾನು ಛಾಯಾಗ್ರಾಹಕಿಯಲ್ಲ. ಕೈಯಲ್ಲಿರುವುದು ಸಾಧಾರಣ ಫೋನು. ಆದರೂ ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಇಳಿತಕ್ಕೆ ಸ್ವಲ್ಪ ಮುಂಚೆ ಎರಡು ದೋಣಿಯಲ್ಲಿ ಕರೆದುಕೊಂಡು ಹೋದೆ. ನೀರು ಇಳಿದು ದೋಣಿ ಕಚ್ಚಿಕೊಂಡಿತು. ಕಚ್ಚಿಕೊಳ್ಳಲಿ ಎಂದೇ ಹೋದದ್ದು. ಭರತ ಬರುವವರೆಗೆ ಅಲ್ಲೇ ಇದ್ದೆವು. ಮಕ್ಕಳು ತೆಗೆದದ್ದು ನೋಡಬೇಕಿತ್ತು: ತಾಯಿಯ ಹಿಮ್ಮಡಿಯ ಬಿರುಕು, ಏಡಿಯ ಬಿಲ, ಪಾತ್ರೆಗೆ ಕಟ್ಟಿದ ಹಗ್ಗದ ಗಂಟು, ಬಳಚಿನ ರಾಶಿಯ ಪಕ್ಕದಲ್ಲೇ ನಿಂತ ಬೆಳ್ಳಕ್ಕಿ. ಬೆಳ್ಳಕ್ಕಿ ಹೆಂಗಸರಿಗೆ ಹೆದರಿ ಹಾರಿರಲಿಲ್ಲ. ದೂರದಲ್ಲಿ ಯಂತ್ರದ ದೋಣಿಯ ಸದ್ದು ಕೇಳಿದಾಗ ಹಾರಿತು. ಪ್ರತಿ ಚಿತ್ರದ ಕೆಳಗೆ ಊರಿನ ಹೆಸರು, ತಿಥಿ, ಒಪ್ಪಿದವರ ಹೆಸರು ಬರೆಸಿದೆ.

ಆ ಚಿತ್ರಗಳಲ್ಲಿ ಹನ್ನೆರಡನ್ನು ಆರಿಸಿ, ನನ್ನನ್ನು ಬಹುಮಾನ ಹಂಚಲು ಕರೆದಿದ್ದ ಸಂಘಕ್ಕೆ ಈ ವರ್ಷದ ಪ್ರದರ್ಶನಕ್ಕೆಂದು ಕಳಿಸಿದೆವು. ಜೊತೆಗೆ ನಾನೊಂದು ಪತ್ರ ಬರೆದೆ: ಅಳಿವೆಯ ಚಿತ್ರಗಳಿಗಾದರೂ ಮನುಷ್ಯರಿರಕೂಡದೆಂಬ ನಿಯಮ ತೆಗೆಯಿರಿ, ತೆಗೆದ ವೇಳೆ ಭರತವೋ ಇಳಿತವೋ ಎಂದು ಪ್ರತಿ ಚಿತ್ರದ ಕೆಳಗೆ ಬರೆಯಬೇಕೆಂದು ನಿಯಮ ಮಾಡಿರಿ. ಚಿತ್ರಗಳು ಹಿಂದಿರುಗಿ ಬಂದಿವೆ, ‘ಬಹಳ ಚೆನ್ನಾಗಿವೆ, ಆದರೆ ನಿಸರ್ಗ ವಿಭಾಗಕ್ಕೆ ಹೊಂದುವುದಿಲ್ಲ’ ಎಂಬ ಚೀಟಿಯೊಂದಿಗೆ. ಎರಡನೆಯ ಬೇಡಿಕೆಗೆ ಉತ್ತರವಿಲ್ಲ. ಪುನಃ ಬರೆದಿದ್ದೇನೆ, ಈ ಸಲ ಆ ಹನ್ನೆರಡು ಚಿತ್ರದಲ್ಲಿರುವ ಹೆಂಗಸರ ಸಹಿ ಹಾಕಿಸಿ. ಸಹಿ ಬಾರದ ಮೂವರು ಹೆಬ್ಬೆಟ್ಟು ಒತ್ತಿದ್ದಾರೆ.